ಸಂಸದರೆಲ್ಲ ಸಂಸದೀಯ ಪಟುಗಳೇ?

ಹಿರಿಯ ರಾಜಕಾರಣಿಯೊಬ್ಬರು ತೀರಿಕೊಂಡರೆ ಮರುದಿನದ ಪತ್ರಿಕೆಗಳಲ್ಲಿ 'ಸಂಸದೀಯ ಪಟು' ಎಂಬ ಪದ ತಪ್ಪದೆ ಕಾಣಿಸಿಕೊಳ್ಳುತ್ತದೆ. ಇಂಗ್ಲಿಷಿನ 'ಪಾರ್ಲಿಮೆಂಟೇರಿಯನ್'ಗೆ ನಾವು ಮಾಡಿಕೊಂಡ ಪದವಿದು. ಇಂಗ್ಲಿಷಿನಲ್ಲಿ ಸಂಸತ್ತಿನ ಸದಸ್ಯನೂ ಪಾರ್ಲಿಮೆಂಟೇರಿಯನ್, ಸದನದ ನಿಯಮಗಳನ್ನು ಅರೆದು ಕುಡಿದವನೂ ಪಾರ್ಲಿಮೆಂಟೇರಿಯನ್. ಅಮೆರಿಕದ ಸೆನೆಟ್‌ನಲ್ಲಿ ಅದೊಂದು ಹುದ್ದೆಯೇ ಆಗಿದೆ. ಆ ಅಧಿಕಾರಿಗೆ ಮತವಿಲ್ಲ, ಸಲಹೆ ಕೊಡುವುದಷ್ಟೇ ಕೆಲಸ. ಗಂಟೆಗೆ 15 ಡಾಲರ್ ಕನಿಷ್ಠ ಕೂಲಿಯ ಅಂಶವನ್ನು ಕೋವಿಡ್ ಪರಿಹಾರ ಮಸೂದೆಯಲ್ಲಿ ಸೇರಿಸಲು ನಿಯಮ ಒಪ್ಪುವುದಿಲ್ಲವೆಂದು 2021ರಲ್ಲಿ ಆಕೆ ಹೇಳಿದಾಗ, ಸೆನೆಟ್‌ನಲ್ಲಿ ಆಡಳಿತ ಪಕ್ಷವೇ ಅದನ್ನು ಬಿಟ್ಟು ಮುಂದುವರಿಯಿತು.

ಕನ್ನಡದ 'ಪಟು' ಸ್ವಲ್ಪ ಬಿಗಿಯಾದ ಪದ. ಅಖಾಡಕ್ಕೆ ಇಳಿದವರೆಲ್ಲ ಕುಸ್ತಿಪಟುಗಳಲ್ಲ, ಪಟ್ಟು ತಿಳಿದಿರಬೇಕು. ಹಾಗೆಯೇ ಗೆದ್ದವರು ಸಂಸದರು, ಶಾಸಕರು. ನಿಯಮಾವಳಿ ಬಲ್ಲವರು ಮಾತ್ರ ಪಟುಗಳು. (ನಮ್ಮ ಸಮಾರಂಭಗಳ ಸ್ವಾಗತ ಭಾಷಣದಲ್ಲಿ ಮೊದಲ ಬಾರಿ ಗೆದ್ದವರಿಗೂ ಈ ಬಿರುದು ಸಿಗುವುದುಂಟು!)

ಈ ವ್ಯತ್ಯಾಸ ನಮಗೇಕೆ ಮುಖ್ಯ? 2021ರ ಡಿಸೆಂಬರ್ 23ರಂದು ಬೆಳಗಾವಿಯಲ್ಲಿ ಮತಾಂತರ ನಿಷೇಧ ಮಸೂದೆಯನ್ನು ವಿಧಾನಸಭೆ ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕರಿಸಿತು. ಧ್ವನಿಮತದಲ್ಲಿ 'ಹೌದು', 'ಇಲ್ಲ' ಎಂಬ ಕೂಗು ಮಾತ್ರ. ಯಾರು ಕೂಗಿದರೆಂಬ ದಾಖಲೆ ಇರುವುದಿಲ್ಲ. ಸದಸ್ಯರು ತಮ್ಮ ಸ್ಥಾನದಲ್ಲಿ ನಿಂತು ಮತ ವಿಭಜನೆ ಕೇಳಬಹುದು. ಆಗ ಮತಗಳ ಎಣಿಕೆಯಾಗಿ ಹೆಸರುಗಳು ದಾಖಲಾಗುತ್ತವೆ. ವಿಭಜನೆಯಾಗಿದ್ದರೂ ಮಸೂದೆ ಬೀಳುತ್ತಿರಲಿಲ್ಲ, ಆಡಳಿತ ಪಕ್ಷಕ್ಕೆ ಬಹುಮತವಿತ್ತು. ಆದರೆ ನಮ್ಮ ಕ್ಷೇತ್ರದವರು ಎಲ್ಲಿ ನಿಂತರು ಎಂಬುದಕ್ಕೆ ಲಿಖಿತ ಸಾಕ್ಷಿ ಉಳಿಯುತ್ತಿತ್ತು. ಸದನದ ಬಾವಿಗಿಳಿದು ಘೋಷಣೆ ಕೂಗಿದವರ ಸಿಟ್ಟು ನಿಜವಾದದ್ದೇ ಇರಬಹುದು, ಆದರೆ ಅದು ಪಟುವಿನ ಕೆಲಸವಲ್ಲ ಎಂಬುದು ನನ್ನ ಅಭಿಪ್ರಾಯ.

ಪರಿಷತ್ತಿನಲ್ಲಿ ಬಹುಮತ ಸಾಲದೆ ಆಗ ಮಸೂದೆ ಅಲ್ಲಿಗೆ ಬರಲಿಲ್ಲ. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು; ಸೆಪ್ಟೆಂಬರ್ 15ರಂದು ಪರಿಷತ್ತೂ ಒಪ್ಪಿತು. ಸುಗ್ರೀವಾಜ್ಞೆಗೆ ಸದನ ಸೇರಿದ ಆರು ವಾರಗಳವರೆಗಷ್ಟೇ ಆಯುಷ್ಯವೆಂಬುದನ್ನು ಸಂವಿಧಾನದ 213ನೇ ವಿಧಿ ಹೇಳುತ್ತದೆ. ಇಂಥ ಲೆಕ್ಕಗಳನ್ನು ಬಲ್ಲವರು ನಮ್ಮ ನಡುವೆ ಎಷ್ಟು ಮಂದಿ?

2023ರ ಜೂನ್ 15ರಂದು ಹೊಸ ಸರ್ಕಾರದ ಸಂಪುಟ ಕಾಯ್ದೆಯನ್ನು ರದ್ದುಪಡಿಸಲು ನಿರ್ಧರಿಸಿದಾಗ ಹಲವು ಧರ್ಮಕೇಂದ್ರಗಳಲ್ಲಿ ಕಾಯ್ದೆ ಹೋಯಿತೆಂದೇ ಭಾವಿಸಿದರು. ಸಂಪುಟದ ನಿರ್ಧಾರದಿಂದ ಕಾಯ್ದೆ ಹೋಗುವುದಿಲ್ಲ. ರದ್ದತಿಗೂ ಮಸೂದೆ ಬೇಕು, ಅದು ಎರಡೂ ಸದನ ದಾಟಬೇಕು, ರಾಜ್ಯಪಾಲರ ಅಂಕಿತವಾಗಬೇಕು. ವಾರ್ಷಿಕ ಹಬ್ಬಕ್ಕೆ ಶಾಸಕರನ್ನು ಕರೆದು ಶಾಲು ಹೊದಿಸುವ ಪಾಲನಾ ಪರಿಷತ್ತಿನವರು, ಆ ಮಸೂದೆಯ ಬಗ್ಗೆ ಸದನದಲ್ಲಿ ತಾವೇನು ಕೇಳಿದಿರಿ ಎಂದು ಅವರನ್ನು ಒಮ್ಮೆ ವಿಚಾರಿಸಬಹುದಲ್ಲ?