ಒಂದೇ ಜಿಲ್ಲೆಯ ಎರಡು ದೇಶಗಳು

ನಾಗಮಂಗಲ ಸೀಮೆಯ ಭಕ್ತರೊಬ್ಬರು ಕಳೆದ ತಿಂಗಳು ನಮಗೊಂದು ದೀರ್ಘ ಪತ್ರವನ್ನು ಬರೆದಿದ್ದಾರೆ. ಅವರಿಗೆ ಮೂರು ಎಕರೆ ಖುಷ್ಕಿ ಜಮೀನು, ಇಬ್ಬರು ಗಂಡುಮಕ್ಕಳು. ಹಿರಿಯ ಮಗ ಬೆಂಗಳೂರಿನ ಹೋಟೆಲೊಂದರಲ್ಲಿ ಹನ್ನೆರಡು ವರ್ಷ ದುಡಿದು ಊರಿಗೆ ಮರಳಿದ್ದಾನೆ. ಹೊಲವನ್ನು ಮಾರಿ, ಶ್ರೀರಂಗಪಟ್ಟಣದ ಹಳೆಯ ಹೆದ್ದಾರಿಯ ಬದಿಯಲ್ಲಿ ನಿವೇಶನ ಕೊಂಡು, ಕೆಳಗೆ ಹೋಟೆಲು, ಮೇಲೆ ವಸತಿಗೃಹ ಕಟ್ಟಬೇಕೆಂಬುದು ಅವನ ಹಟ. ತಾಯಿ ಒಪ್ಪುತ್ತಿಲ್ಲ. “ಅಯ್ಯನವರೇ, ಅದು ಕಾವೇರಿಯ ನಾಡು, ಇದು ಮೋಡ ನೋಡಿಕೊಂಡು ಕೂರುವ ನಾಡು. ವ್ಯಾಪಾರಕ್ಕೆ, ವಾಸಕ್ಕೆ, ನಾಲ್ಕು ಜನ ಬಂದುಹೋಗುವುದಕ್ಕೆ ಯಾವುದು ಮೇಲು? ತಾವು ಹೇಳಿದಂತೆ ಕೇಳುತ್ತೇವೆ” ಎಂದು ಪತ್ರ ಮುಗಿದಿದೆ. ಹೇಳಿದಂತೆ ಕೇಳುತ್ತೇವೆ ಎಂಬವರಿಗೆ ಉತ್ತರ ಬರೆಯುವುದು ಬಹಳ ಭಾರದ ಕೆಲಸ. ಆದುದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಬೆಳೆಯುತ್ತಿರುವ ಎರಡು ರಾಷ್ಟ್ರಗಳನ್ನು ಅಕ್ಕಪಕ್ಕದಲ್ಲಿ ನಿಲ್ಲಿಸಿ, ಬಂಡವಾಳ ಹೂಡಲು ಯಾವುದು ಲೇಸು, ನೆಲೆಸಲು ಯಾವುದು, ಪ್ರವಾಸಕ್ಕೆ ಯಾವುದು ಎಂದು ಅಂಕ ಕೊಡುವ ಲೇಖನಗಳು ಈಗ ಪತ್ರಿಕೆಗಳಲ್ಲಿ ವಿಪುಲವಾಗಿ ಬರುತ್ತವೆ. ಶ್ರೀಲಂಕೆ ಮತ್ತು ಬಾಂಗ್ಲಾದೇಶಗಳನ್ನೇ ನೋಡಿರಿ. ಸಾಕ್ಷರತೆ, ಆರೋಗ್ಯ, ಪ್ರವಾಸೋದ್ಯಮ ಈ ಮೂರರಲ್ಲಿಯೂ ಶ್ರೀಲಂಕೆಯದೇ ಮೇಲುಗೈ ಎಂಬುದು ಬಹುಕಾಲದ ಮಾತು. ಆದರೆ 2021ರಲ್ಲಿ ಅದೇ ಶ್ರೀಲಂಕೆ ಬಾಂಗ್ಲಾದೇಶದಿಂದ 20 ಕೋಟಿ ಡಾಲರ್ ಕೈಗಡ ಪಡೆಯಿತು. 2022ರ ಏಪ್ರಿಲ್‌ನಲ್ಲಿ ವಿದೇಶೀ ಸಾಲವನ್ನು ತೀರಿಸಲಾಗದೆಂದು ಕೈಚೆಲ್ಲಿತು. ಹಾಗಾದರೆ ಬಾಂಗ್ಲಾದೇಶವೇ ಮೇಲೆಂದು ಬರೆದವರ ಮಸಿ ಆರುವ ಮೊದಲೇ, 2024ರ ಆಗಸ್ಟ್ 5ರಂದು ಅಲ್ಲಿಯ ಪ್ರಧಾನಿ ದೇಶವನ್ನೇ ತೊರೆಯಬೇಕಾಯಿತು. ಒಂದು ದಿನದ ಲೆಕ್ಕವನ್ನು ಹಿಡಿದು ಒಂದು ನಾಡಿನ ಜಾತಕ ಬರೆಯಲಾಗದು. ನಮ್ಮ ನಾಲ್ಕು ತಾಲ್ಲೂಕುಗಳಾದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳನ್ನೂ ಹೀಗೆಯೇ ನೋಡಬೇಕು. ಮೊದಲೆರಡು ಕಾಲುವೆಯ ನಾಡು, ಉಳಿದೆರಡು ಮಳೆಯ ನಾಡು ಎಂಬುದು ರೂಢಿಯ ಮಾತು.

ಶ್ರೀರಂಗಪಟ್ಟಣವು 1610ರಿಂದ 1799ರವರೆಗೆ ಮೈಸೂರು ರಾಜ್ಯದ ರಾಜಧಾನಿ. ಆ ದಿನಗಳಲ್ಲಿ ಇಂಥ ಪತ್ರ ಬಂದಿದ್ದರೆ ಯಾರಾದರೂ ಕಣ್ಣುಮುಚ್ಚಿ ಉತ್ತರ ಕೊಡುತ್ತಿದ್ದರು. 1799ರ ಮೇ 4ರಂದು ಕೋಟೆ ಬಿದ್ದಿತು. ಮರುವರ್ಷ ಆಂಗ್ಲ ಸರ್ಕಾರದ ಆಜ್ಞೆಯಂತೆ ದೇಶ ಸಂಚಾರಕ್ಕೆ ಬಂದ ಬುಕನನ್, ಟಿಪ್ಪುವಿನ ಕಾಲದಲ್ಲಿ ಆ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದೂ ತಾನು ಕಂಡಾಗ ಸುಮಾರು 32 ಸಾವಿರ ಮಾತ್ರ ಉಳಿದಿದ್ದರೆಂದೂ ಅಂದಾಜು ಮಾಡಿದ. ರಾಜಧಾನಿ ಮೈಸೂರಿಗೆ ಹೋಯಿತು. ಉಳಿದಿದ್ದ ಆಂಗ್ಲರ ದಂಡನ್ನು ಚಳಿಜ್ವರ ಹಣ್ಣುಮಾಡಿತು. 1809ರಲ್ಲಿ ಅದೂ ಬೆಂಗಳೂರಿಗೆ ನಡೆಯಿತು. ಸುತ್ತಲೂ ಹರಿಯುವ ಹೊಳೆ, ಚಿಕ್ಕದೇವರಾಜರ ಕಾಲದಿಂದ ಬಂದ ಕಾಲುವೆ, ಹಸಿರು ಗದ್ದೆ, ಎಲ್ಲವೂ ಇದ್ದೂ ಆ ಊರು ವಾಸಕ್ಕೆ ಅಂಜುವ ಊರಾಯಿತು. ಅದೇ ಕಾಲದಲ್ಲಿ ಉತ್ತರದ ಹಿರೋಡೆ, ಅಂದರೆ ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಫ್ರೆಂಚ್ ರಾಕ್ಸ್ ಎನಿಸಿಕೊಂಡ ಇಂದಿನ ಪಾಂಡವಪುರ, ಬಂಡೆಗಲ್ಲಿನ ಒಣ ನೆಲವಾದರೂ ಆರೋಗ್ಯದ ನೆಲವೆನಿಸಿತ್ತು.

ಎರಡನೆಯ ಸಲ ಲೆಕ್ಕ ತಿರುಗಿದ್ದು ಕನ್ನಂಬಾಡಿಯಿಂದ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆ 1930ರ ದಶಕದ ಮೊದಲಲ್ಲಿ ಮುಗಿಯಿತು. ಹುಲಿಕೆರೆಯ ಸುರಂಗದೊಳಗಿಂದ ಹಾದ ವಿಶ್ವೇಶ್ವರಯ್ಯ ನಾಲೆ ಜೋಳ-ರಾಗಿಯ ಹೊಲಗಳನ್ನು ಕಬ್ಬಿನ ಗದ್ದೆಗಳನ್ನಾಗಿ ಮಾಡಿತು. ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಬೇಕು. ಕಟ್ಟೆಯ ಹಿನ್ನೀರು ಚಾಚಿರುವುದು ಕೃಷ್ಣರಾಜಪೇಟೆ ತಾಲ್ಲೂಕಿನೊಳಕ್ಕೆ. ಕಲ್ಲಹಳ್ಳಿಯ ಭೂವರಾಹನಾಥನ ಗುಡಿಯ ಪಕ್ಕದಲ್ಲಿ ನಿಂತವರಿಗೆ ಆ ಸಮುದ್ರ ಕಾಣುತ್ತದೆ. ನೆಲ ಕೊಟ್ಟದ್ದರಲ್ಲಿ ಮೇಲಿನವರ ಪಾಲೂ ಇದೆ, ನೀರು ಮಾತ್ರ ಕೆಳಗಿನವರ ಗದ್ದೆಗೆ. ಹೇಮಾವತಿಯ ಮಂದಗೆರೆ, ಹೇಮಗಿರಿ ಅಣೆಗಳ ಕೆಳಗಿನ ಕೆಲವು ಗ್ರಾಮಗಳನ್ನು ಬಿಟ್ಟರೆ ಉಳಿದ ಕೃಷ್ಣರಾಜಪೇಟೆಯೂ ನಾಗಮಂಗಲವೂ ಗೊರೂರು ಕಟ್ಟೆಯ ನಾಲೆಗಾಗಿ ಇನ್ನೂ ಅರ್ಧ ಶತಮಾನ ಕಾಯಬೇಕಾಯಿತು. ನಾಲೆ ಬಂದ ಮೇಲೂ ಕೊನೆಯ ತೂಬಿನವರ ಕಷ್ಟ ಕೊನೆಯ ತೂಬಿನವರಿಗೇ ಗೊತ್ತು.

ನಾನು ಮಠದಲ್ಲಿ ಓದುತ್ತಿದ್ದ ಬಾಲ್ಯದಲ್ಲಿ ಸುಗ್ಗಿಯ ಮೇಲೆ ಗಾಡಿ ಕಟ್ಟಿಕೊಂಡು ದವಸ ತರಲು ಊರೂರು ತಿರುಗುವ ವಾಡಿಕೆಯಿತ್ತು. ಕಾಲುವೆಯ ಊರುಗಳಲ್ಲಿ ಭತ್ತ ತುಂಬಿ ಕೊಡುತ್ತಿದ್ದರು, ಜೊತೆಗೆ ಅಚ್ಚುಬೆಲ್ಲ. ನಾಗಮಂಗಲದ ಕಡೆ ರಾಗಿ, ಹುರುಳಿ, ಅವರೆ, ಅಳತೆಯೂ ಕಡಿಮೆ. ಹುಡುಗರಾದ ನಾವು ಯಾವ ಗಾಡಿಗೆ ಹೋಗಲು ಹಾತೊರೆಯುತ್ತಿದ್ದೆವೆಂದು ಹೇಳಬೇಕಾಗಿಲ್ಲ. ಆದರೆ ಮಳೆ ಕೈಕೊಟ್ಟ ಒಂದು ವರ್ಷ, ಮಠದ ಪಂಕ್ತಿ ನಿಲ್ಲುವ ಸ್ಥಿತಿ ಬಂದಾಗ, ಉಗ್ರಾಣದ ಹಿರಿಯರು ಗಾಡಿ ಹೂಡಿಸಿದ್ದು ಒಣ ನಾಡಿನ ಕಡೆಗೆ. ಅಲ್ಲಿ ಒಂದು ಮನೆಯ ಅಂಗಳದಲ್ಲಿ ಹಗೇವಿನ ಬಾಯಿ ತೆಗೆದು, ಬಿಸಿಯುಸಿರು ಹೋಗಲೆಂದು ಬಹಳ ಹೊತ್ತು ಕಾದು, ಆಮೇಲೆ ಒಳಗಿಳಿದು ರಾಗಿ ತುಂಬಿದರು. ಆ ರಾಗಿ ನಾನು ಹುಟ್ಟುವ ಮೊದಲಿನದೆಂದು ಆ ಮನೆಯ ಅಜ್ಜಿ ನನ್ನ ತಲೆ ಸವರಿ ನಗುತ್ತಾ ಹೇಳಿದ ನೆನಪು. ಗದ್ದೆಯ ನಾಡಿನವರಿಗೆ ನೆಲದೊಳಗೆ ಬಚ್ಚಿಡುವ ಅಗತ್ಯ ಬಿದ್ದಿರಲಿಲ್ಲ.

ಅಗತ್ಯ ಬೀಳದಿದ್ದುದೇ ಮುಂದೆ ತೊಡಕಾಯಿತೆಂದು ನನಗೆ ತೋರುತ್ತದೆ. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬಿನ ಗದ್ದೆಗಳಿಂದ ರೈತರ ಆತ್ಮಹತ್ಯೆಯ ಸುದ್ದಿ ಒಂದರ ಮೇಲೊಂದು ಬಂದಿತು. ನೀರಿತ್ತು, ಕಬ್ಬಿನ ಹಣ ಬಂದಿರಲಿಲ್ಲ, ಸಾಲ ಮಾತ್ರ ಬೆಳೆದಿತ್ತು. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತುಹೋಗಿ, 2020ರಲ್ಲಿ ಗುತ್ತಿಗೆಗೆ ಹೋಯಿತು. ಕಾವೇರಿಯ ನೀರಾದರೂ ಪೂರ್ತಿ ನಮ್ಮದೇ? ತಮಿಳುನಾಡಿಗೆ ವರ್ಷಕ್ಕೆ 177.25 ಟಿಎಂಸಿ ಬಿಡಬೇಕೆಂದು 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿದೆ. 2023ರಂತೆ ಕಟ್ಟೆ ತುಂಬದ ವರ್ಷ ಬಂದರೆ ತೂಬಿನ ಬಳಿಯ ಗದ್ದೆಗೂ ಬಾಯಾರಿಕೆ. ಮಳೆಯ ನಾಡಿನವರು ಇದಕ್ಕೆ ಎಂದೋ ಬೇರೆ ದಾರಿ ಹಿಡಿದಿದ್ದರು, ಮುಂಬಯಿಗೆ ಹೋದರು. ಹೋಟೆಲಿನಲ್ಲಿ ಲೋಟ ತೊಳೆದು, ಆಟೋ ಓಡಿಸಿ ಊರಿನ ಮನೆ ನಡೆಸಿದರು. ಎಷ್ಟು ಮಂದಿ ಹೋಗಿದ್ದರೆಂಬುದು ಹೊರಗಿನವರಿಗೆ ತಿಳಿದದ್ದು 2020ರ ಮೇ ತಿಂಗಳಲ್ಲಿ, ಮಹಾಮಾರಿಯ ನಡುವೆ ಅವರು ಕೃಷ್ಣರಾಜಪೇಟೆಗೆ ಹಿಂದಿರುಗಿದಾಗ. ತಮ್ಮ ಮಕ್ಕಳನ್ನೇ ಊರ ಹೊರಗೆ ನಿಲ್ಲಿಸಿ ನೋಡಬೇಕಾದ ಆ ದಿನಗಳನ್ನು ಇಲ್ಲಿ ಹೆಚ್ಚು ಬರೆಯಲಾರೆ.

ವಾಸದ ಮಾತು ಬೇಗ ಮುಗಿಯುತ್ತದೆ. ಇಂದು ಶ್ರೀರಂಗಪಟ್ಟಣಕ್ಕೆ ಹಳೆಯ ಜ್ವರದ ಭಯವಿಲ್ಲ, ಮೈಸೂರು ಅಂಗೈಯಳತೆಯಲ್ಲಿದೆ. ಆದರೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿರುವುದು ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ, ಒಣನೆಲದಲ್ಲಿ. ಬೆಂಗಳೂರು-ಹಾಸನ ರೈಲು 2017ರಿಂದ ಅದೇ ಮಗ್ಗುಲಲ್ಲಿ ಹೋಗುತ್ತದೆ.

ಬಂದುಹೋಗುವವರ ಮಾತೇ ಈ ಪತ್ರದ ಮುಖ್ಯ ಗಂಟು. 1882ರ ರೈಲಿನ ಕಾಲದಿಂದಲೂ ಶ್ರೀರಂಗಪಟ್ಟಣ ದಾರಿಯ ಮೇಲಿನ ಊರು; ಬಂದವರಿಗೆ ಊಟ ಬಡಿಸಿ ಬದುಕಿದವರು ಬಹಳ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಯಿತು. ಅದು ಊರನ್ನು ಬಳಸಿ ಹೋಗುತ್ತದೆ. ಬಿಡದಿಯ ತಟ್ಟೆ ಇಡ್ಲಿಯವರು, ಚನ್ನಪಟ್ಟಣದ ಬೊಂಬೆಯವರು, ಮದ್ದೂರು ವಡೆಯವರು ವ್ಯಾಪಾರ ಕುಸಿಯಿತೆಂದು ಗೋಳಾಡಿದ್ದನ್ನು ಎಲ್ಲರೂ ಓದಿದ್ದೀರಿ. ಶ್ರೀರಂಗಪಟ್ಟಣಕ್ಕೆ ರಂಗನಾಥನ ಗುಡಿ, ದರಿಯಾ ದೌಲತ್, ರಂಗನತಿಟ್ಟು ಇರುವುದರಿಂದ ಅಷ್ಟು ಪೆಟ್ಟು ಬೀಳದಿರಬಹುದು. ಆದರೂ ನೋಡಲು ಬಂದವರು ಅರ್ಧ ದಿನ ತಿರುಗಿ, ರಾತ್ರಿ ಮಲಗಲು ಮೈಸೂರಿಗೆ ಹೋಗುತ್ತಾರೆ. ಕೆಳಗಿನ ಹೋಟೆಲು ನಡೆದೀತು; ಮೇಲಿನ ಕೋಣೆಗಳಿಗೆ ಮಾಡಿದ ಸಾಲ ಯಾರು ತೀರಿಸಬೇಕು? ಹೊಸಹೊಳಲಿನ ಲಕ್ಷ್ಮೀನಾರಾಯಣ, ನಾಗಮಂಗಲದ ಸೌಮ್ಯಕೇಶವರನ್ನು ನೋಡಲು ಬರುವವರು ಅದಕ್ಕಿಂತಲೂ ವಿರಳ, ಅದನ್ನೂ ಮುಚ್ಚಿಡಲಾರೆ.

ಪತ್ರ ಬರೆದವರಿಗೆ ನಾನು ಕಳುಹಿಸಿದ ಉತ್ತರವಿಷ್ಟು. ಹನ್ನೆರಡು ವರ್ಷ ಒಲೆಯ ಮುಂದೆ ಬೆಂದ ಮಗನ ಕೈಕಸುಬನ್ನು ಹೊಲಕ್ಕೆ ಕಟ್ಟಿಹಾಕಬೇಡಿ. ಹೊಲವನ್ನು ಮಾರಲೂ ಬೇಡಿ. ಅವನು ಮೊದಲು ಅಲ್ಲಿ ಒಂದು ಮಳಿಗೆಯನ್ನು ಬಾಡಿಗೆಗೆ ಹಿಡಿಯಲಿ. ಅದಕ್ಕೂ ಮೊದಲು ಒಂದು ಭಾನುವಾರ, ಒಂದು ಮಂಗಳವಾರ, ಬೆಳಗಿನಿಂದ ಸಂಜೆಯವರೆಗೆ ಆ ನಿವೇಶನದ ಮುಂದೆ ನಿಂತು, ಹೋಗುವ ಗಾಡಿಗಳನ್ನಲ್ಲ, ನಿಲ್ಲುವ ಗಾಡಿಗಳನ್ನು ಎಣಿಸಿ ಬರೆದುಕೊಳ್ಳಲಿ. ಆ ಚೀಟಿಯನ್ನು ತಾಯಿಯ ಮುಂದೆ ಓದಲಿ, ನನಗೂ ಒಂದು ಪ್ರತಿ ಕಳುಹಿಸಲಿ ಎಂದು ಬರೆದೆ. ಭಾನುವಾರದ ಚೀಟಿ ಬಂದಿದೆ. ಮಂಗಳವಾರದ್ದು ಇನ್ನೂ ಬರಬೇಕು.