ಇಲಿಶ್‌ಗೆ ಎರಡು ಪಂಚಾಂಗ ಬೇಡ

ದುರ್ಗಾಪೂಜೆ ಹತ್ತಿರ ಬಂತೆಂದರೆ ಕೋಲ್ಕತ್ತದಲ್ಲಿ ಒಂದೇ ಪ್ರಶ್ನೆ: ಈ ಸಲ ಬಾಂಗ್ಲಾದೇಶ ಎಷ್ಟು ಇಲಿಶ್ ಕಳಿಸುತ್ತದೆ? 2012ರಲ್ಲಿ ಢಾಕಾ ಈ ಮೀನಿನ ರಫ್ತನ್ನೇ ನಿಲ್ಲಿಸಿತ್ತು. 2019ರಿಂದ ಪೂಜೆಯ ಹೊತ್ತಿಗೆ ಇಂತಿಷ್ಟು ಎಂದು ಬಿಡುತ್ತಿದೆ. ಮಲ್ಪೆಯಲ್ಲಿ ಬೂತಾಯಿ, ಬಂಗುಡೆ ತಿಂದು ಬೆಳೆದು, ಬ್ಯಾಂಕ್ ನೌಕರಿಗೆಂದು ಬಂಗಾಳಕ್ಕೆ ಹೋಗಿ ಸಾಸಿವೆ ಅರೆದು ಮಾಡಿದ ಇಲಿಶ್‌ನ ರುಚಿ ಹತ್ತಿಸಿಕೊಂಡವ ನಾನು. ಆ ಸುದ್ದಿಯನ್ನು ಆಸೆಯಿಂದಲೇ ಓದುತ್ತೇನೆ. ಆದರೆ ಈ ಮೀನಿಗೆ ನಿಜವಾಗಿ ಉಪಕಾರವಾದದ್ದು 2025ರ ಏಪ್ರಿಲ್‌ನಲ್ಲಿ.

ನಮ್ಮ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಮೀನುಗಾರಿಕೆಗೆ ರಜೆ. ಬಾಂಗ್ಲಾದಲ್ಲಿ ಮೇ 20ರಿಂದ ಜುಲೈ 23ರವರೆಗೆ ಇತ್ತು. 2019ರಲ್ಲಿ ಅದನ್ನು ಸಣ್ಣ ದೋಣಿಗಳಿಗೂ ಹೇರಿದ್ದರು. ಹಾಗಾಗಿ ಜೂನ್ ನಡುವಿನಿಂದ ಐದು ವಾರ, ಮುಂಗಾರಿನ ಹೊಸ ನೀರಿಗೆ ಇಲಿಶ್ ಕಡಲು ಬಿಟ್ಟು ನದೀಮುಖಕ್ಕೆ ತಿರುಗುವ ಹೊತ್ತಿನಲ್ಲೇ, ಆಚೆಯವರು ದಡದಲ್ಲಿ ಕೂತಿರುತ್ತಿದ್ದರು, ಪಶ್ಚಿಮ ಬಂಗಾಳದ ನಮ್ಮ ಕಾಕದ್ವೀಪದ ಟ್ರಾಲರ್‌ಗಳು ಕಡಲಲ್ಲಿರುತ್ತಿದ್ದವು. ತಾವು ಉಳಿಸಿದ್ದನ್ನು ಭಾರತದವರು ಬಾಚುತ್ತಾರೆ ಎಂಬ ಅವರ ದೂರಿನಲ್ಲಿ ತಪ್ಪೇನಿತ್ತು? ಮಲ್ಪೆಯವನಿಗೆ ಈ ತಕರಾರು ಹೊಸದಲ್ಲ. ನಮ್ಮ ಬೋಟುಗಳು ಜೂನ್ 1ಕ್ಕೇ ದಡ ಸೇರಿದರೆ ಕೇರಳದವರ ಟ್ರಾಲಿಂಗ್ ಜೂನ್ 9ರವರೆಗೂ ನಡೆಯುತ್ತದೆ. ಒಂದೇ ದೇಶದಲ್ಲಿ ಹೀಗೆ!

2025ರಲ್ಲಿ ಢಾಕಾ ತನ್ನ ನಿಷೇಧವನ್ನು ಏಪ್ರಿಲ್ 15ರಿಂದ ಜೂನ್ 11ಕ್ಕೆ ಸರಿಸಿತು. ಎರಡು ಸರ್ಕಾರಗಳು ಮುಖ ಕೊಟ್ಟು ಮಾತಾಡದಂತಿದ್ದ ವರ್ಷದಲ್ಲಿ ಇಷ್ಟಾದದ್ದೇ ದೊಡ್ಡದು.

ಈಗ ಸರಿಯಬೇಕಾದ ಸರದಿ ನಮ್ಮದು. ಅಕ್ಟೋಬರ್‌ನ ಆಸುಪಾಸು, ಮೊಟ್ಟೆಯಿಡುವ ಕಾಲಕ್ಕೆ ಬಾಂಗ್ಲಾದೇಶ 22 ದಿನ ಇಲಿಶ್ ಹಿಡಿಯುವುದನ್ನೂ ಮಾರುವುದನ್ನೂ ನಿಲ್ಲಿಸುತ್ತದೆ. ಆ ದಿನಗಳಿಗೆ ಮೀನುಗಾರ ಕುಟುಂಬಕ್ಕೆ 25 ಕಿಲೋ ಅಕ್ಕಿ ಕೊಡುತ್ತದೆ. ಸಾಲದು, ಆದರೂ ಕೊಡುತ್ತದೆ. ಪಶ್ಚಿಮ ಬಂಗಾಳದ ನಿಯಮ ಹುಣ್ಣಿಮೆಯ ಹಿಂದುಮುಂದಿನ ಕೆಲವೇ ದಿನಗಳದು. ಮರಿಮೀನಿನ ಅಳತೆ ಅಲ್ಲಿ 25 ಸೆಂಟಿಮೀಟರ್, ಇಲ್ಲಿ 23. ಎರಡು ಸೆಂಟಿಮೀಟರ್‌ಗೆ ನಾನು ಜಗಳ ತೆಗೆಯುವುದಿಲ್ಲ. ಆದರೆ ಕೋಲ್ಕತ್ತದ ಮಾರುಕಟ್ಟೆಗಳಲ್ಲಿ 'ಖೋಕಾ ಇಲಿಶ್' ಎಂದು ಅಂಗೈ ಉದ್ದದ ಮರಿಗಳನ್ನು ರಾಶಿ ಹಾಕಿ ಮಾರುವುದು, ಅಗ್ಗವೆಂದು ಜನ ಕೊಳ್ಳುವುದು ನಡೆದೇ ಇದೆ. ಕಾನೂನು ಕಾಗದದಲ್ಲಿದೆ.

ನದಿಯಲ್ಲಿ ಹುಟ್ಟಿ ಕಡಲಲ್ಲಿ ಬೆಳೆಯುವ ಮೀನಿನ ಮೊದಲ ಹೊಣೆ ಆ ನದಿಯ ದೇಶದ್ದು ಎನ್ನುತ್ತದೆ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ 66ನೇ ವಿಧಿ. ಹಿಂದೆ ಗಂಗೆಯಲ್ಲಿ ಅಲಹಾಬಾದಿನಾಚೆಗೂ ಏರುತ್ತಿದ್ದ ಇಲಿಶ್‌ಗೆ 1975ರಲ್ಲಿ ಫರಕ್ಕಾ ಬ್ಯಾರೇಜ್ ಅಡ್ಡ ನಿಲ್ಲಿಸಿದವರು ನಾವೇ. ಚೆನ್ನೈಯಲ್ಲಿ ಬಂಗಾಳ ಕೊಲ್ಲಿಯ ಮೀನುಗಾರಿಕೆಗೆಂದೇ ಅಂತರ್‌ಸರ್ಕಾರಿ ಸಂಸ್ಥೆಯೊಂದಿದೆ, ಎರಡೂ ದೇಶಗಳು ಅದರ ಸದಸ್ಯರು. ಸಲಹೆ ಕೊಡಬಹುದಷ್ಟೇ, ಅಂಕೆಗೆ ತರುವ ಅಧಿಕಾರ ಅದಕ್ಕಿಲ್ಲ. ಆದರೆ ಮಾತಿಗೆ ಬೇರೊಂದು ಅವಕಾಶವಿದೆ: 1996ರ ಗಂಗಾ ನೀರು ಹಂಚಿಕೆ ಒಪ್ಪಂದದ 30 ವರ್ಷದ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಅದರಲ್ಲಿರುವುದು ಜನವರಿಯಿಂದ ಮೇವರೆಗಿನ ನೀರಿನ ಲೆಕ್ಕ. ಹೊಸದನ್ನು ಬರೆಯಲು ಕೂರುವಾಗ ಎರಡೂ ಕಡೆಯ ಮೀನುಗಾರಿಕೆ ಇಲಾಖೆಗಳನ್ನೂ ಕರೆಯಲಿ, ಮೊದಲ ವಿಷಯವಾಗಿ ಆ 22 ದಿನಗಳನ್ನೇ ಎತ್ತಿಕೊಳ್ಳಲಿ.