ನಾಯಿಯ ಒಂಟಿ ಗಂಟೆಗಳನ್ನು ಎಣಿಸುವವರು ಯಾರು?

ಬೀದಿ ನಾಯಿಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ನೀಡಿದ ಆದೇಶದ ಒಂದು ಅಂಶ ಹೆಚ್ಚು ಚರ್ಚೆಯಾಗಲಿಲ್ಲ. ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಿ ಬೀದಿ ನಾಯಿಯನ್ನು ದತ್ತು ಪಡೆಯಬಹುದು. ಅದು ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಎಂದು ಕೋರ್ಟ್ ಹೇಳಿತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಮರಳಿ ಬಿಡಬಾರದೆಂಬ ನವೆಂಬರ್ 7ರ ಆದೇಶ ಬಂದ ಮೇಲಂತೂ ‘ದತ್ತು ತೆಗೆದುಕೊಳ್ಳಿ’ ಎಂಬ ಕರೆ ಜೋರಾಗಿದೆ. ಕರೆ ಕೊಡುವವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಓಗೊಡುವವರಿಗೆ ಯಾರೂ ಹಾಕದ ಪ್ರಶ್ನೆಯೊಂದಿದೆ: ಬೆಳಿಗ್ಗೆ ಬೀಗ ಹಾಕಿಕೊಂಡು ಹೊರಟರೆ ನಿಮ್ಮ ಮನೆಯ ಬಾಗಿಲು ಮತ್ತೆ ತೆರೆಯುವುದು ಎಷ್ಟು ಹೊತ್ತಿಗೆ?

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ದಿನಕ್ಕೆ ಹತ್ತು, ಹನ್ನೊಂದು ಗಂಟೆ ಮನೆಯಿಂದ ಹೊರಗಿರುವವರು, ನಡುವೆ ಬಂದು ನಾಯಿಯನ್ನು ಹೊರಗೆ ಕರೆದೊಯ್ಯುವ ಒಬ್ಬರನ್ನು ಗೊತ್ತು ಮಾಡಿಕೊಳ್ಳದ ಹೊರತು, ನಾಯಿ ಸಾಕಬಾರದು. ಬೀದಿಯಿಂದ ತಂದ ನಾಯಿಯಾದರೂ ಅಷ್ಟೇ, ಸಾವಿರಾರು ರೂಪಾಯಿ ಕೊಟ್ಟು ತಂದ ಲ್ಯಾಬ್ರಡಾರ್ ಆದರೂ ಅಷ್ಟೇ.

ಸಾಕು ನಾಯಿಯ ವಿಷಯದಲ್ಲಿ ನಮ್ಮ ಆಡಳಿತ ಇದುವರೆಗೆ ಎಣಿಸಿದ್ದೇನು ನೋಡಿ. 2018ರಲ್ಲಿ ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿ ಉಪವಿಧಿ ತಂದು, ಫ್ಲ್ಯಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ಎಂದು ನಾಯಿಗಳ ಸಂಖ್ಯೆಗೆ ಮಿತಿ ಹಾಕಿತು. ಗದ್ದಲವೆದ್ದ ಮೇಲೆ ಅದು ಮೂಲೆ ಸೇರಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಅಪಾಯಕಾರಿ ಎಂದು ಪಟ್ಟಿ ಮಾಡಿತು. ಮುಂದಿನ ತಿಂಗಳೇ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ, ಬೊಗಳುತ್ತದೆ ಎಂಬ ಕಾರಣಕ್ಕೆ ಅಪಾರ್ಟ್‌ಮೆಂಟಿನಲ್ಲಿ ನಾಯಿಯನ್ನು ನಿಷೇಧಿಸುವಂತಿಲ್ಲ ಎಂದಿತು. ಎಷ್ಟು ನಾಯಿ, ಯಾವ ತಳಿ, ಲಿಫ್ಟಿನಲ್ಲಿ ಬಿಡಬೇಕೇ ಬೇಡವೇ, ಹೇಲು ಎತ್ತುವವರು ಯಾರು ಎಂಬುದೆಲ್ಲ ಚರ್ಚೆಯಾಯಿತು. ಆ ನಾಯಿ ದಿನಕ್ಕೆ ಎಷ್ಟು ಗಂಟೆ ಒಂಟಿಯಾಗಿ ಬಿದ್ದಿರುತ್ತದೆ ಎಂದು ಯಾವ ಕಾಗದವೂ ಕೇಳಲಿಲ್ಲ.

ಕೇಳಲು ಕಾನೂನಿನ ಕೊರತೆಯಂತೂ ಇರಲಿಲ್ಲ. ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟು ಹಿಡಿದು ಹೋರಾಡಿದ ಫಲವಾಗಿ ಬಂದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯನ್ನು ತೆರೆದು ಸೆಕ್ಷನ್ 11(1)(ಜಿ) ಓದಿ. ಸದಾ ಕಟ್ಟಿಹಾಕಿರುವ ಅಥವಾ ಇಕ್ಕಟ್ಟಿನ ಜಾಗದಲ್ಲಿ ಕೂಡಿಹಾಕಿರುವ ನಾಯಿಗೆ ತಕ್ಕಷ್ಟು ಓಡಾಟ ಒದಗಿಸದ ಮಾಲೀಕನದು ಹಿಂಸೆಯ ಅಪರಾಧ. ನಾಯಿಯನ್ನೇ ಹೆಸರಿಸಿ ಬರೆದ ಕಲಮು ಇದು. ಹೊಡೆಯುವುದು, ಬಡಿಯುವುದು, ಉಪವಾಸ ಕೆಡವುವುದು ಇರುವ ಪಟ್ಟಿಯಲ್ಲೇ ಇದೂ ಇದೆ. ಶಾಸನ ಬರೆದವರಿಗೆ ಇಂದಿನ ಅಪಾರ್ಟ್‌ಮೆಂಟ್ ಬದುಕು ಗೊತ್ತಿರಲಿಲ್ಲ, ಆದರೆ ಹೊರಗೆ ಬಿಡದೆ ನಾಯಿಯನ್ನು ಕೂಡಿಹಾಕುವುದು ಹೊಡೆತಕ್ಕೆ ಸಮ ಎಂದು ಗೊತ್ತಿತ್ತು. ಇದಕ್ಕೆ ದಂಡ ಎಷ್ಟು? ಮೊದಲ ಸಲ ಸಿಕ್ಕಿಬಿದ್ದರೆ 10ರಿಂದ 50 ರೂಪಾಯಿ. ಜಲ್ಲಿಕಟ್ಟು ಪ್ರಕರಣದ 2014ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದಂಡ ಹೆಚ್ಚಿಸುವಂತೆ ಸಂಸತ್ತಿಗೆ ಹೇಳಿತು. 2022ರಲ್ಲಿ ತಿದ್ದುಪಡಿಯ ಕರಡು ಸಾರ್ವಜನಿಕರ ಮುಂದೆ ಬಂತು, ಅಲ್ಲಿಂದಾಚೆ ಕದಲಲಿಲ್ಲ. ನನ್ನ ಮಟ್ಟಿಗೆ 50 ರೂಪಾಯಿಗಿಂತ ದೊಡ್ಡ ಲೋಪ ಇನ್ನೊಂದು. ‘ತಕ್ಕಷ್ಟು’ ಎಂದರೆ ಎಷ್ಟು ಎಂದು ಇಷ್ಟು ವರ್ಷಗಳಲ್ಲಿ ಯಾರೂ ಗಂಟೆಯ ಲೆಕ್ಕದಲ್ಲಿ ಹೇಳಿಲ್ಲ.

ಸ್ವೀಡನ್ ಹೇಳಿದೆ. ಅಲ್ಲಿನ ಕೃಷಿ ಮಂಡಳಿಯ ನಿಯಮದ ಪ್ರಕಾರ ಹಗಲಿನಲ್ಲಿ ಪ್ರತಿ ಆರು ಗಂಟೆಗೊಮ್ಮೆಯಾದರೂ ನಾಯಿಯನ್ನು ಹೊರಗೆ ಕರೆದೊಯ್ಯಬೇಕು; ಮರಿಗಳನ್ನೂ ಮುದಿ ನಾಯಿಗಳನ್ನೂ ಇನ್ನೂ ಹೆಚ್ಚು ಸಲ. ಇದು ಜಿಲ್ಲಾಡಳಿತದ ತನಿಖಾಧಿಕಾರಿ ಬಂದು ಕೇಳಬಹುದಾದ ಮಾತು. ಪರಿಣಾಮ ಏನಾಯಿತು? ನಾಯಿ ಸಾಕುವುದು ಅಲ್ಲಿ ನಿಂತುಹೋಗಲಿಲ್ಲ. ಮಕ್ಕಳ ಡೇ ಕೇರ್‌ಗಳ ಹಾಗೆ ನಾಯಿಗಳ ಡೇ ಕೇರ್‌ಗಳು ಹುಟ್ಟಿಕೊಂಡವು, ಸರದಿಯ ಮೇಲೆ ಒಬ್ಬರ ನಾಯಿಯನ್ನು ಇನ್ನೊಬ್ಬರು ನೋಡಿಕೊಳ್ಳುವುದು ರೂಢಿಯಾಯಿತು. ಆರು ಎಂಬ ಒಂದು ಅಂಕಿಗೆ ಅಷ್ಟು ಶಕ್ತಿಯಿದೆ. ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ ಇನ್ನೂ ಕಟ್ಟುನಿಟ್ಟು: ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ನಾಯಿಯನ್ನು ಒಂಟಿಯಾಗಿ ಬಿಡಬೇಡಿ ಎನ್ನುತ್ತದೆ.

ಈಗ ಬೆಂಗಳೂರಿನ ಲೆಕ್ಕ ಹಾಕಿ. ಕಚೇರಿಯಲ್ಲಿ ಒಂಬತ್ತು ಗಂಟೆ. ಟಾಮ್‌ಟಾಮ್ ಸಂಸ್ಥೆಯ 2022ರ ಸಂಚಾರ ಸೂಚ್ಯಂಕದ ಪ್ರಕಾರ ನಗರದ ನಡುಭಾಗದಲ್ಲಿ 10 ಕಿ.ಮೀ. ದಾಟಲು 29 ನಿಮಿಷ ಬೇಕಿತ್ತು. 15 ಕಿ.ಮೀ. ದೂರದ ಕಚೇರಿ ಎಂದರೂ ಹೋಗಿ ಬರಲು ಒಂದೂವರೆ ತಾಸು. ಒಟ್ಟು ಹತ್ತೂವರೆ ಗಂಟೆ. ದಾರಿಯಲ್ಲಿ ತರಕಾರಿ ಕೊಂಡರೆ ಹನ್ನೊಂದು. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ಓಡಾಡುವವರ ಮಾತು ಬೇರೆಯೇ. ಕೆಲಸದ ದಿನವನ್ನು ಓವರ್‌ಟೈಮ್ ಸೇರಿ 12 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವವನ್ನು ರಾಜ್ಯ ಕಾರ್ಮಿಕ ಇಲಾಖೆ 2025ರ ಜೂನ್‌ನಲ್ಲಿ ಮುಂದಿಟ್ಟಾಗ ಐಟಿ ನೌಕರರ ಸಂಘ ಮನುಷ್ಯರ ಪರವಾಗಿ ದನಿ ಎತ್ತಿತು, ಸರಿಯಾಗಿಯೇ ಎತ್ತಿತು. ಅದು ಜಾರಿಯಾದರೆ ನಾಯಿಯ ಒಂಟಿತನ ಹದಿಮೂರೂವರೆ ಗಂಟೆ ಮುಟ್ಟುತ್ತದೆ, ಸ್ವೀಡನ್ನಿನ ಮಿತಿಯ ಎರಡು ಪಟ್ಟಿಗಿಂತ ಹೆಚ್ಚು.

ಕೊರೊನಾ ಕಾಲದಲ್ಲಿ, ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ಮರಿ ತಂದವರು ಬಹಳ ಮಂದಿ. ಆ ಮರಿಗಳು ಕಣ್ಣು ಬಿಟ್ಟಾಗಿನಿಂದ ಮನೆತುಂಬ ಜನರನ್ನೇ ನೋಡಿದವು. 2023ರ ಅಕ್ಟೋಬರ್‌ನಲ್ಲಿ ಟಿಸಿಎಸ್ ವಾರದ ಐದೂ ದಿನ ಕಚೇರಿಗೆ ಬನ್ನಿ ಎಂದಿತು. ಇನ್ಫೊಸಿಸ್ 2025ರ ಮಾರ್ಚ್‌ನಿಂದ ತಿಂಗಳಿಗೆ ಹತ್ತು ದಿನವಾದರೂ ಬರಬೇಕೆಂದಿತು. ಕಂಪನಿ ಕರೆದರೆ ಹೋಗಲೇಬೇಕು. ಆದರೆ ಏನಾಯಿತೆಂದು ತಿಳಿಯದ ಆ ಪ್ರಾಣಿಗೆ ಪರ್ಯಾಯ ಮಾಡಿ ಹೋದವರೆಷ್ಟು, ಬಾಲ್ಕನಿಯಲ್ಲಿ ನೀರಿನ ಬಟ್ಟಲು ಇಟ್ಟು ಹೋದವರೆಷ್ಟು?

‘ನಾಯಿ ಹೇಗೂ ದಿನವೆಲ್ಲ ಮಲಗಿರುತ್ತದೆ, ಅದಕ್ಕೇನು ಕಷ್ಟ’ ಎಂಬ ವಾದವಿದೆ. ಅದರಲ್ಲಿ ಹುರುಳೂ ಇದೆ. ಸ್ವೀಡನ್ನಿನ ಕೃಷಿ ವಿಶ್ವವಿದ್ಯಾಲಯದ ತೆರೇಸ್ ರೆನ್ ಮತ್ತು ಲಿಂಡಾ ಕೀಲಿಂಗ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಟಿಯಾಗಿ ಬಿಟ್ಟ ನಾಯಿಗಳು ಬಹುಪಾಲು ಹೊತ್ತು ಮಲಗಿಯೇ ಇದ್ದವು. ಆದರೆ ಅದೇ ಅಧ್ಯಯನ ಹೇಳುವ ಮುಂದಿನ ಮಾತನ್ನೂ ಕೇಳಬೇಕು. ಅರ್ಧ ಗಂಟೆ ಬಿಟ್ಟು ಬಂದಾಗಿನದಕ್ಕಿಂತ ಎರಡು ಗಂಟೆ ಬಿಟ್ಟು ಬಂದಾಗ ನಾಯಿಗಳು ಮಾಲೀಕರ ಮೇಲೆ ಮುಗಿಬಿದ್ದ ಪರಿ ಸ್ಪಷ್ಟವಾಗಿ ಹೆಚ್ಚಿತ್ತು. ಅಂದರೆ ಒಂಟಿಯಾಗಿ ಕಳೆದ ಹೊತ್ತು ಮಲಗಿದ್ದ ನಾಯಿಯ ಮೇಲೂ ಪರಿಣಾಮ ಬೀರಿತ್ತು. ಇನ್ನೂ ಮುಖ್ಯವಾದದ್ದು, ಅಲ್ಲಿ ಆರಿಸಿಕೊಂಡವು ಒಂಟಿಯಾಗಿರಲು ತೊಂದರೆಪಡದ ಹನ್ನೆರಡು ನಾಯಿಗಳು. ಅತಿ ದೀರ್ಘ ಅವಧಿ ನಾಲ್ಕು ಗಂಟೆ. ಹನ್ನೊಂದು ಗಂಟೆಗೆ ಅದನ್ನು ಸಮರ್ಥನೆಯಾಗಿ ಬಳಸುವಂತಿಲ್ಲ. ಆರೋಗ್ಯವಂತ ದೊಡ್ಡ ನಾಯಿ ಆರೆಂಟು ಗಂಟೆ ಮೂತ್ರ ತಡೆದುಕೊಂಡೀತು. ಎಂಟು ವಾರ ತುಂಬುತ್ತಲೇ ಮಾರಾಟವಾಗುವ ಮರಿಗೆ ಎರಡು ಮೂರು ಗಂಟೆಯೇ ಹೆಚ್ಚು.

‘ನಮ್ಮ ನಾಯಿ ಜಾಣ, ಗಲಾಟೆಯನ್ನೇ ಮಾಡುವುದಿಲ್ಲ’ ಎನ್ನುವವರಿಗೆ ಒಂದು ಮಾತು. ಒಂಟಿಯಾದ ನಾಯಿ ಹೇಗಿರುತ್ತದೆ ಎಂಬುದನ್ನು ಎಂದೂ ಕಣ್ಣಾರೆ ಕಾಣಲಾಗದ ಒಬ್ಬನೇ ಮನುಷ್ಯ ಅದರ ಮಾಲೀಕ. ಗೋಳಿಡುವುದು, ಬಾಗಿಲು ಕೆರೆಯುವುದು ಸಾಮಾನ್ಯವಾಗಿ ಶುರುವಾಗುವುದು ಆತ ಹೊರಟ ಸ್ವಲ್ಪ ಹೊತ್ತಿನಲ್ಲೇ. ಕೇಳಿಸಿಕೊಳ್ಳುವವರು ಪಕ್ಕದ ಮನೆಯ ವೃದ್ಧರು, ಬಾಣಂತಿ, ರಾತ್ರಿ ಪಾಳಿ ಮುಗಿಸಿ ಮಲಗಿದವರು. ಅವರು ಅಸೋಸಿಯೇಷನ್‌ಗೆ ದೂರು ಕೊಟ್ಟರೆ ಪ್ರಾಣಿದ್ವೇಷಿಗಳೆಂಬ ಪಟ್ಟ. 2015ರ ಮಾರ್ಗಸೂಚಿ ನಾಯಿಯ ಬೊಗಳುವಿಕೆಯನ್ನು ಸಹಜ ಎಂದು ರಕ್ಷಿಸಿದ್ದು ಸರಿ. ದಿನವೂ ಒಂದೇ ಮನೆಯಿಂದ ಬರುವ ಊಳು ಮಾತ್ರ ಆ ನಾಯಿಯದೇ ದೂರು. ಸಾವಿರದೈನೂರು, ಎರಡು ಸಾವಿರ ರೂಪಾಯಿಗೆ ಕ್ಯಾಮೆರಾ ಸಿಗುತ್ತದೆ. ಒಂದು ವಾರ ಇಟ್ಟು ನೋಡಿ, ಆಮೇಲೆ ಜಾಣ ಎನ್ನಿ.

‘ಊರಲ್ಲಿ ನಮ್ಮ ಅಜ್ಜಿಯೂ ನಾಯಿ ಸಾಕಿರಲಿಲ್ಲವೇ’ ಎಂಬುದು ಇನ್ನೊಂದು ವಾದ. ಸಾಕಿದ್ದರು. ಆದರೆ ಆ ನಾಯಿ ಅಂಗಳದಲ್ಲಿತ್ತು, ತೋಟಕ್ಕೆ ಹೋದವರ ಹಿಂದೆ ಹೋಗುತ್ತಿತ್ತು, ಕೊಟ್ಟಿಗೆಯ ಬಾಗಿಲಲ್ಲಿ ಮಲಗುತ್ತಿತ್ತು. ಮನೆಯಲ್ಲಿ ಯಾವಾಗಲೂ ಒಬ್ಬರಲ್ಲ ಒಬ್ಬರು ಇರುತ್ತಿದ್ದರು. ಬೀಗ ಹಾಕಿದ ಮನೆಯೊಳಗಿನ ನಾಯಿಯ ಅನುಭವ ಆ ಪರಂಪರೆಗೆ ಇಲ್ಲವೇ ಇಲ್ಲ. ಬಯಲಿನಲ್ಲಿ ಮೊಲ ಅಟ್ಟಲೆಂದೇ ಬೆಳೆಸಿದ ಮುಧೋಳ ತಳಿಯನ್ನು ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಕೂಡಿಹಾಕಿ ನಾಡಿನ ಹೆಮ್ಮೆ ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಗಲೆಲ್ಲ ಬೀದಿಯಲ್ಲಿ ಗೆಳೆಯರೊಂದಿಗೆ ತಿರುಗಿ ಬೆಳೆದ ನಾಯಿಯನ್ನು ತಂದು ಒಂಟಿಯಾಗಿ ಬಿಡುವುದಂತೂ ಇನ್ನೂ ಕಠಿಣ.

ಒಂಟಿಯಾಗಿ ಬಾಡಿಗೆಗಿರುವ, ದುಡಿದು ದಣಿದು ಬರುವ ಯುವಕ ಯುವತಿಯರಿಗೆ ನಾಯಿ ಎಷ್ಟು ದೊಡ್ಡ ಆಸರೆ ಎಂಬುದು ನನಗೆ ಗೊತ್ತಿದೆ. ಅವರಿಂದ ಅದನ್ನು ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಮಧ್ಯಾಹ್ನ ಬಂದು ಅರ್ಧ ಗಂಟೆ ತಿರುಗಾಡಿಸುವ ವಾಕರ್, ನಾಯಿಗೆ ಒಗ್ಗಿದ ಮನೆಗೆಲಸದವರು, ಅದೇ ಮಹಡಿಯ ನಿವೃತ್ತ ದಂಪತಿ, ಇಬ್ಬರು ಸ್ನೇಹಿತರ ನಡುವಿನ ಪಾಳಿ, ಯಾವುದಾದರೂ ಒಂದು ಸಾಕು. ಅದಕ್ಕೆ ಖರ್ಚಾಗುತ್ತದೆ. ಆ ಖರ್ಚನ್ನು ಆಹಾರ, ಲಸಿಕೆಯ ಖರ್ಚಿನ ಜೊತೆಗೇ ಮೊದಲು ಲೆಕ್ಕ ಹಾಕಬೇಕು. ಭರಿಸಲಾಗದಿದ್ದರೆ, ಕೆಳಗಿನ ರಸ್ತೆಯ ನಾಯಿಗೆ ನಿಗದಿತ ಜಾಗದಲ್ಲಿ ಊಟ ಹಾಕಿ, ಲಸಿಕೆ ಕೊಡಿಸಿ, ಸಂತಾನಹರಣ ಮಾಡಿಸಿ. ಪ್ರಾಣಿ ಸಂತಾನ ನಿಯಂತ್ರಣದ 2023ರ ನಿಯಮಗಳು ಅದಕ್ಕೆ ದಾರಿ ಕೊಟ್ಟಿವೆ.

2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆಗಳಿವೆ. ಸಾಕು ನಾಯಿಯ ಪರವಾನಗಿಗೂ ಬೀದಿ ನಾಯಿಯ ದತ್ತಿಗೂ ಅರ್ಜಿ ನಮೂನೆಯಲ್ಲಿ ಒಂದು ಸಾಲು ಸೇರಿಸಲು ಸಂಸತ್ತಿನ ಅಪ್ಪಣೆ ಬೇಕಿಲ್ಲ: ಈ ನಾಯಿ ಸತತವಾಗಿ ಎಷ್ಟು ಗಂಟೆ ಒಂಟಿಯಾಗಿರುತ್ತದೆ, ನಡುವೆ ಅದನ್ನು ಹೊರಗೆ ಕರೆದೊಯ್ಯುವವರು ಯಾರು? ಆರು ಗಂಟೆ ಮೀರಿದ್ದು, ಎರಡನೆಯ ಪ್ರಶ್ನೆಗೆ ಉತ್ತರ ಖಾಲಿ ಇದ್ದರೆ ಅರ್ಜಿಯನ್ನು ವಾಪಸ್ ಕಳಿಸಲಿ. ಪಾಲಿಕೆಗಳು ಕೇಳುವವರೆಗೆ ಕಾಯಬೇಡಿ. ಈ ವಾರ ದತ್ತು ಶಿಬಿರಕ್ಕೆ ಹೊರಟವರು ಆ ಎರಡು ಪ್ರಶ್ನೆಗಳಿಗೆ ಮನೆಯಲ್ಲೇ ಉತ್ತರ ಬರೆದುಕೊಂಡು ಹೋಗಿ.